ಇಟಗಿಯ ಕಲ್ಲಿಗೆ ಕಂಚಿನ ಮೈ: ಶಿಲ್ಪದ ಫೋಟೊವನ್ನು ಲೋಹದಂತೆ ಕಾಣಿಸುವ ಸಮಗ್ರ ಮಾರ್ಗದರ್ಶಿ

ಕಲ್ಲಿನ ಶಿಲ್ಪದ ಫೋಟೊ ತೆರೆದು, ಮೇಲೊಂದು ಹಳದಿ ಮಿಶ್ರಿತ ಕಂದು ಪದರ ಹಾಕಿ, ಕಾಂಟ್ರಾಸ್ಟ್ ಏರಿಸಿ 'ಕಂಚಿನ ಮೂರ್ತಿ' ಎಂದು ಸ್ಟೇಟಸ್‌ಗೆ ಹಾಕುವವರು ಬಹಳ ಮಂದಿ. ನೋಡಿದವರಿಗೆ ಅದು ಬಣ್ಣ ಬಳಿದ ಕಲ್ಲಾಗಿಯೇ ಕಾಣುತ್ತದೆ. ಇನ್ನಷ್ಟು ಬಣ್ಣ ಸುರಿದರೂ ಅಷ್ಟೇ. ಲೋಹದ ಗುಟ್ಟು ಬೆಳಕಿನಲ್ಲಿದೆ, ಬಣ್ಣದ ಸರದಿ ತೀರಾ ಕೊನೆಗೆ. ಚಿತ್ರ ಕಪ್ಪು-ಬಿಳುಪಿನಲ್ಲಿದ್ದಾಗಲೇ ಲೋಹ ಅನ್ನಿಸಬೇಕು. ಅಲ್ಲಿ ಅನ್ನಿಸದಿದ್ದರೆ ಮುಂದೆ ಯಾವ ಗ್ರೇಡಿಯಂಟೂ (ಕತ್ತಲಿನಿಂದ ಬೆಳಕಿಗೆ ಮೆಲ್ಲನೆ ಬದಲಾಗುವ ಬಣ್ಣದ ಸಾಲು) ಕೈಹಿಡಿಯುವುದಿಲ್ಲ. ಈ ಬರಹದ ಮುಕ್ಕಾಲು ಭಾಗ ಬಣ್ಣಕ್ಕೆ ಮುಂಚಿನ ಕೆಲಸದ ಬಗ್ಗೆಯೇ ಇರುವುದು ಅದಕ್ಕೇ.

ಕಲ್ಲಿನ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟು ಮಾತ್ರ ಮೇಲ್ಮೈಯಿಂದ ಹಾಗೇ ಪುಟಿಯುತ್ತದೆ. ಉಳಿದದ್ದು ಒಳಹೊಕ್ಕು, ಒಂದಷ್ಟು ಅಲ್ಲೇ ಇಂಗಿ, ಮಿಕ್ಕಿದ್ದು ಎಲ್ಲ ದಿಕ್ಕಿಗೂ ಚೆದುರಿ ಹೊರಬರುತ್ತದೆ. ಕಲ್ಲು ಮೆತ್ತಗೆ, ಮಂಕಾಗಿ ಕಾಣುವುದು ಈ ಚೆದುರಿದ ಬೆಳಕಿನಿಂದ. ಲೋಹದಲ್ಲಿ ಒಳಹೊಕ್ಕ ಬೆಳಕು ಹೊರಗೆ ಬರುವುದೇ ಇಲ್ಲ. ನಮಗೆ ಕಾಣುವುದೆಲ್ಲ ಸುತ್ತಲಿನ ಆಕಾಶ, ನೆಲ, ಗೋಡೆಗಳ ಪ್ರತಿಬಿಂಬ. ನಮ್ಮ ಕೆಲಸಕ್ಕೆ ಬೇಕಾದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ. ಲೋಹದ ಮೈ ಒಟ್ಟಾರೆ ಕಲ್ಲಿಗಿಂತ ಕಪ್ಪು, ಹೊಳಪು ಮಾತ್ರ ಕಿರಿದು ಮತ್ತು ಚೂಪು. ಬೆಳಕಿನಿಂದ ನೆರಳಿಗೆ ಅದು ಒಂದೇ ಇಳಿಜಾರಾಗಿ ಇಳಿಯುವುದಿಲ್ಲ, ಬೆಳಕು-ಕತ್ತಲು-ಬೆಳಕು ಎಂದು ಪಟ್ಟೆಪಟ್ಟೆಯಾಗಿ ಹೋಗುತ್ತದೆ. ಇನ್ನೊಂದು, ಕಲ್ಲಿನ ಹೊಳಪು ಬಿಳಿ. ತಾಮ್ರ, ಕಂಚು, ಹಿತ್ತಾಳೆಗಳ ಹೊಳಪಿಗೆ ಆಯಾ ಲೋಹದ ಬಣ್ಣವೇ ಇರುತ್ತದೆ.

ಯಾವ ಕಲ್ಲು, ಯಾವ ಶಿಲ್ಪ

ನಮ್ಮ ಕೊಪ್ಪಳ-ಬಳ್ಳಾರಿ ಭಾಗದಲ್ಲಿ ಎರಡು ಜಾತಿಯ ಕಲ್ಲು ಸಿಗುತ್ತದೆ, ಎರಡರ ಹಾಡೂ ಬೇರೆ. ಕುಕನೂರು ತಾಲ್ಲೂಕಿನ ಇಟಗಿಯ ಮಹಾದೇವ ದೇವಾಲಯ ಬಳಪದ ಕಲ್ಲಿನದು. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ. ಅಲ್ಲಿನ ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಹೊಗಳಿದೆ. ಈ ಕಲ್ಲಿನ ಕಣ ಬಹಳ ಸಣ್ಣದು. ಅದಕ್ಕೇ ಅಲ್ಲಿನ ಕಂಬಗಳನ್ನು ತಿರುಗುವ ಚರಕಿಗೆ ಹಿಡಿದಂತೆ ದುಂಡಗೆ ಕಡೆಯಲು, ಕೀರ್ತಿಮುಖಗಳನ್ನು (ಸಿಂಹದಂಥ ಅಲಂಕಾರದ ಮುಖಗಳನ್ನು) ಎಳೆಎಳೆಯಾಗಿ ಬಿಡಿಸಲು ಸಾಧ್ಯವಾಯಿತು. ನಮ್ಮ ಎಡಿಟಿಂಗ್‌ಗೂ ಅದೇ ವರ. ಕಣ ಅಳಿಸುವ ಕೆಲಸ ಅರ್ಧಕ್ಕರ್ಧ ಕಡಿಮೆ.

ಆನೆಗೊಂದಿ, ಕುರುಗೋಡು ಕಡೆಯದು ಗ್ರಾನೈಟ್. ಅದರಲ್ಲಿ ಬಿಳಿ, ಗುಲಾಬಿ, ಕಪ್ಪು ಹರಳುಗಳು ಬರಿಗಣ್ಣಿಗೇ ಎಣಿಸುವಷ್ಟು ದಪ್ಪ. ಫೋಟೊದಲ್ಲಿ ಪ್ರತಿ ಹರಳೂ ಒಂದು ಚುಕ್ಕೆ, ಮುಂದೆ ಕರ್ವ್ (ಚಿತ್ರದ ಕತ್ತಲು-ಬೆಳಕನ್ನು ಏರಿಸಿ ಇಳಿಸುವ ಗೆರೆ) ಎಳೆದಾಗ ಪ್ರತಿ ಚುಕ್ಕೆಯೂ ಒಂದು ಕಿಡಿ. ಹೊಸಬರು ಗ್ರಾನೈಟ್‌ನಿಂದ ಶುರುಮಾಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕುರುಗೋಡಿನ ದೊಡ್ಡ ಬಸವನಂಥ ಭಾರಿ ಏಕಶಿಲೆಯನ್ನೇ ಮಾಡಬೇಕೆಂದಿದ್ದರೆ ದೂರದಿಂದ, ಇಡೀ ಆಕಾರ ಬರುವಂತೆ ತೆಗೆದ ಚಿತ್ರ ಆರಿಸಿ. ಹರಳು ತಾನಾಗಿಯೇ ಸಣ್ಣದಾಗುತ್ತದೆ.

ಎಣ್ಣೆ ಕುಡಿದು ಕಪ್ಪಾದ ಪೂಜೆಯ ಮೂರ್ತಿಗಳು ಆಗಲೇ ಲೋಹದ ಹತ್ತಿರ ಬಂದಿರುತ್ತವೆ. ಮೈ ಕಪ್ಪು, ಹೊಳಪು ಚೂಪು. ಅವುಗಳ ಹೊಳಪು ಬಿಳಿ ಅನ್ನುವುದೊಂದೇ ಕೊರತೆ, ಅದನ್ನು ಕೊನೆಯಲ್ಲಿ ಸರಿಮಾಡಬಹುದು.

ಆಕಾರದ ವಿಷಯಕ್ಕೆ ಬಂದರೆ ದುಂಡಗಿನ ಹೊಟ್ಟೆ, ತೋಳು, ತೊಡೆ, ಕಿರೀಟ ಇರುವ ಶಿಲ್ಪಗಳು ಚೆನ್ನಾಗಿ ಒಪ್ಪುತ್ತವೆ. ತೆಳು ಉಬ್ಬಿನ ವೀರಗಲ್ಲುಗಳು ಅಷ್ಟಾಗಿ ಒಪ್ಪುವುದಿಲ್ಲ. ಪ್ರತಿಬಿಂಬ ಹರಿದಾಡಲು ತಿರುವು ಬೇಕು, ಚಪ್ಪಟೆ ಮೈಯಲ್ಲಿ ಅದಕ್ಕೆ ಜಾಗವಿಲ್ಲ.

ಫೋಟೊ ತೆಗೆಯುವಾಗ

ಕೊಪ್ಪಳದ ನಡುಹಗಲ ಬಿಸಿಲಲ್ಲಿ ತೆಗೆದ ಚಿತ್ರ ಈ ಕೆಲಸಕ್ಕೆ ಬೇಡ. ಮೂಗಿನ ನೆರಳು ತುಟಿಯ ಮೇಲೆ, ಕಿರೀಟದ ನೆರಳು ಹಣೆಯ ಮೇಲೆ ಗೆರೆ ಕೊರೆದಂತೆ ಬಿದ್ದಿರುತ್ತದೆ. ಕರ್ವ್ ಎಳೆದೊಡನೆ ಅವೆಲ್ಲ ಮಸಿ ಮೆತ್ತಿದ ತೇಪೆಗಳಾಗುತ್ತವೆ. ಬೇಕಾದದ್ದು ಒಂದು ಬದಿಯಿಂದ ಬರುವ ದೊಡ್ಡ, ಮೃದು ಬೆಳಕು. ಇಟಗಿಯ ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಹೋದರೆ ಪಶ್ಚಿಮದ ಬದಿ ನೆರಳಿನಲ್ಲಿದ್ದು ತೆರೆದ ಆಕಾಶದ ಬೆಳಕು ಮಾತ್ರ ಅದರ ಮೇಲಿರುತ್ತದೆ, ಸಂಜೆ ಪೂರ್ವದ ಬದಿ ಹಾಗಿರುತ್ತದೆ. ಮಳೆಗಾಲದ ಮೋಡದ ದಿನವಾದರೆ ಹೊತ್ತು ನೋಡಬೇಕಿಲ್ಲ.

ಸಾಧ್ಯವಾದರೆ ರಾ ಫೈಲ್‌ನಲ್ಲೇ (ಕ್ಯಾಮೆರಾ ಸೆರೆಹಿಡಿದದ್ದನ್ನು ಸಂಸ್ಕರಿಸದೆ ಉಳಿಸುವ ಫೈಲ್) ತೆಗೆಯಿರಿ, ಈಗಿನ ಹಲವು ಫೋನುಗಳಲ್ಲೂ ಆ ಸೌಲಭ್ಯವಿದೆ. ಐಎಸ್‌ಒ (ಬೆಳಕಿಗೆ ಸಂವೇದನೆಯ ಮಟ್ಟ) 100ರಿಂದ 200ರೊಳಗೆ, ಕ್ಯಾಮೆರಾ ಆದರೆ ಅಪರ್ಚರ್ (ಲೆನ್ಸ್ ತೆರೆದುಕೊಳ್ಳುವ ಅಳತೆ) ಎಫ್/8 ಆಸುಪಾಸು. ಫ್ಲಾಷ್ ಬೇಡವೇ ಬೇಡ. ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಕೈಯಲ್ಲೇ ತೆಗೆಯುವುದಾದರೆ ಕಂಬಕ್ಕೋ ಶಿಲ್ಪಕ್ಕೋ ಒರಗಬೇಡಿ, ಉಸಿರು ಹಿಡಿದು ನಾಲ್ಕೈದು ಸಲ ಒತ್ತಿ.

ಇನ್ನೊಂದು ಕೆಲಸ ಇದೆ, ಬಹುತೇಕರು ಮಾಡದೆ ಬರುವಂಥದ್ದು. ಅಡುಗೆಮನೆಯಿಂದ ಒಂದು ಸ್ಟೀಲ್ ಸೌಟು, ಒಂದು ಹಿತ್ತಾಳೆ ತಂಬಿಗೆ ಚೀಲಕ್ಕೆ ಹಾಕಿಕೊಳ್ಳಿ. ಶಿಲ್ಪದ ಫೋಟೊ ಆದ ಮೇಲೆ, ಅದನ್ನು ಮುಟ್ಟಿಸದೆ, ಅದರ ಮುಂದೆ ಸೌಟಿನ ಉಬ್ಬು ಬೆನ್ನನ್ನು ನಿಮ್ಮತ್ತ ಹಿಡಿದು ಅದೇ ಎಕ್ಸ್‌ಪೋಶರ್‌ನಲ್ಲಿ ಒಂದು ಚಿತ್ರ, ತಂಬಿಗೆಯದು ಇನ್ನೊಂದು ಚಿತ್ರ ತೆಗೆಯಿರಿ. ಸೌಟಿನ ಬೆನ್ನನ್ನು ಹಿಗ್ಗಿಸಿ ನೋಡಿ: ಮೇಲಂಚಿನಲ್ಲಿ ಬೆಳ್ಳನೆಯ ಆಕಾಶ, ನಡುವೆ ಗಿಡಮರ ಅಥವಾ ಗೋಡೆಯ ಕರಿಯ ಅಡ್ಡಪಟ್ಟಿ, ಆ ಪಟ್ಟಿಯಲ್ಲಿ ಕ್ಯಾಮೆರಾ ಹಿಡಿದ ನಿಮ್ಮದೇ ಸಣ್ಣ ಆಕೃತಿ, ಕೆಳಗೆ ನೆಲದ ಬಣ್ಣ. ಆ ಜಾಗದಲ್ಲಿ ಶಿಲ್ಪ ನಿಜಕ್ಕೂ ಲೋಹದ್ದಾಗಿದ್ದರೆ ಅದರ ಪ್ರತಿ ತಿರುವಿನಲ್ಲೂ ಕಾಣಬೇಕಾದದ್ದು ಇದೇ ಕ್ರಮ. ಸಿನಿಮಾ ಗ್ರಾಫಿಕ್ಸ್‌ನವರು ಇದೇ ಉದ್ದೇಶಕ್ಕೆ ಸೆಟ್ಟಿನಲ್ಲಿ ಕ್ರೋಮ್ ಚೆಂಡು ಇಟ್ಟು ಚಿತ್ರ ತೆಗೆಯುತ್ತಾರೆ. ನಮಗೆ ಸೌಟು ಸಾಕು. ತಂಬಿಗೆಯ ಚಿತ್ರ ಬಣ್ಣದ ಹಂತದಲ್ಲಿ ಬೇಕಾಗುತ್ತದೆ.

ಸಾಫ್ಟ್‌ವೇರ್ ಮತ್ತು ಸಿದ್ಧತೆ

ನಾನು ಇಲ್ಲಿ ಹೇಳುವುದು ಗಿಂಪ್ ಎಂಬ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಲೆಕ್ಕದಲ್ಲಿ. ಉಚಿತ, ಮತ್ತು 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಫಿಲ್ಟರುಗಳನ್ನು ಪದರಕ್ಕೆ ಕಾಯಂ ಬೆಸೆಯದೆ ಹಾಕಿ ಮುಂದೆ ತಿದ್ದುವ ಅನುಕೂಲವಿದೆ. 2.10 ಇದ್ದರೂ ಕೆಲಸ ನಿಲ್ಲುವುದಿಲ್ಲ, ಪದರದ ನಕಲು ಇಟ್ಟುಕೊಳ್ಳುತ್ತ ಹೋಗಬೇಕು ಅಷ್ಟೇ. ಫೋಟೊಶಾಪ್ ಬಲ್ಲವರಿಗೆ ಹೆಸರುಗಳು ಸ್ವಲ್ಪ ಬದಲಾದರೂ ದಾರಿ ಒಂದೇ.

ಚಿತ್ರ ತೆರೆದ ಕೂಡಲೇ ಇಮೇಜ್ ಮೆನುವಿನಲ್ಲಿ ಬಣ್ಣದ ನಿಖರತೆಯನ್ನು 8 ಬಿಟ್‌ನಿಂದ 16 ಬಿಟ್‌ಗೆ ಏರಿಸಿ, ಪರ್ಸೆಪ್ಚುಯಲ್ ಆಯ್ಕೆ ಇರಲಿ. ನಾವು ಮುಂದೆ ಎಳೆಯುವ ಕರ್ವ್ ಬಹಳ ಕಡಿದು. 8 ಬಿಟ್‌ನ 256 ಮೆಟ್ಟಿಲುಗಳಲ್ಲಿ ಅಂಥ ಕರ್ವ್ ಎಳೆದರೆ ನುಣುಪಾದ ಹೊಟ್ಟೆಯ ಮೇಲೆ ಮರದ ಉಂಗುರಗಳಂಥ ಗೆರೆಗಳು ಏಳುತ್ತವೆ. ಉದ್ದನೆಯ ಬದಿ 3000 ಪಿಕ್ಸೆಲ್ ಇದ್ದರೆ ಚೆನ್ನ. ಕೆಳಗಿನ ಪಿಕ್ಸೆಲ್ ಅಳತೆಗಳೆಲ್ಲ ಆ ಗಾತ್ರಕ್ಕೆ. ನಿಮ್ಮ ಚಿತ್ರ ಅದರ ಅರ್ಧದಷ್ಟಿದ್ದರೆ ಅಳತೆಗಳನ್ನೂ ಅರ್ಧ ಮಾಡಿಕೊಳ್ಳಿ.

ಹಂತ 1: ಶಿಲ್ಪವನ್ನು ಬೇರ್ಪಡಿಸುವುದು

ಪಾತ್ಸ್ ಟೂಲ್ (ಬಿಂದು ಇಡುತ್ತ ಗೆರೆ ಎಳೆಯುವ ಸಲಕರಣೆ) ಹಿಡಿದು ಶಿಲ್ಪದ ಅಂಚನ್ನು ಸುತ್ತಿ ಬನ್ನಿ. ಮ್ಯಾಜಿಕ್ ವ್ಯಾಂಡ್ ಥರದ ಸಲಕರಣೆ ಇಲ್ಲಿ ನಡೆಯದು, ಏಕೆಂದರೆ ಹಿಂದಿನ ಗೋಡೆಯೂ ಅದೇ ಕಲ್ಲು, ಅದೇ ಬಣ್ಣ. ಅಂಚಿನಿಂದ ಒಂದು ಪಿಕ್ಸೆಲ್ ಒಳಗೇ ಗೆರೆ ಇರಲಿ. ಪಾತ್ ಅನ್ನು ಸೆಲೆಕ್ಷನ್ ಆಗಿಸಿ, 1 ಪಿಕ್ಸೆಲ್ ಫೆದರ್ (ಅಂಚನ್ನು ಮೆತ್ತಗಾಗಿಸುವುದು) ಕೊಟ್ಟು ಲೇಯರ್ ಮಾಸ್ಕ್ ಮಾಡಿ. ಮಾಸ್ಕ್‌ನಲ್ಲಿ ಬಿಳಿ ಇದ್ದಲ್ಲಿ ಪದರ ಕಾಣುತ್ತದೆ, ಕಪ್ಪು ಇದ್ದಲ್ಲಿ ಮರೆಯಾಗುತ್ತದೆ. ಹಿನ್ನೆಲೆ ಅಳಿಸಬೇಡಿ, ಕಲ್ಲಿನ ಗೂಡಿನಲ್ಲಿ ಕೂತ ಲೋಹದ ಮೂರ್ತಿಯೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ, ಪಕ್ಕದ ಒರಟು ಕಲ್ಲು ಲೋಹದ ನುಣುಪನ್ನು ಎತ್ತಿ ತೋರಿಸುತ್ತದೆ.

ಹಂತ 2: ಬಣ್ಣ ತೆಗೆಯುವುದು

ಬಣ್ಣವನ್ನು ಒಮ್ಮೆಲೇ ತೆಗೆಯುವ ಡೀಸ್ಯಾಚುರೇಟ್ ಒತ್ತಿ ಮುಗಿಸಬೇಡಿ. ಮೊದಲು ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು (ಚಿತ್ರ ಕೂಡಿ ಆಗಿರುವ ಮೂರು ಬಣ್ಣದ ಪಾಲುಗಳನ್ನು) ಒಂದೊಂದಾಗಿ ನೋಡಿ. ಬೂದು ಕಲ್ಲಿನ ಮೇಲೆ ಕುಂಕುಮ ಇದ್ದರೆ ಕೆಂಪು ಚಾನೆಲ್‌ನಲ್ಲಿ ಅದು ಕಲ್ಲಿನ ಬೆಳಕಿಗೆ ಹತ್ತಿರ ಬಂದು ಬಹುಮಟ್ಟಿಗೆ ಕರಗಿಹೋಗುತ್ತದೆ. ಕಿತ್ತಳೆ ಬಣ್ಣದ ಕಲ್ಲುಹೂ, ಕೆಮ್ಮಣ್ಣಿನ ಕಲೆಯ ಗತಿಯೂ ಅದೇ. ಎಣ್ಣೆಗಪ್ಪು ಮೂರ್ತಿಯಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಅರಿಸಿನ-ಕುಂಕುಮ ನೀಲಿ ಚಾನೆಲ್‌ನಲ್ಲಿ ಕಪ್ಪಾಗಿ ಕಲ್ಲಿನೊಂದಿಗೆ ಬೆರೆಯುತ್ತದೆ, ಆದರೆ ನೀಲಿ ಚಾನೆಲ್‌ನಲ್ಲಿ ನಾಯ್ಸ್ (ಚಿತ್ರದ ಕರಕರೆ ಚುಕ್ಕೆ) ಜಾಸ್ತಿ ಎನ್ನುವುದು ನೆನಪಿರಲಿ. ವಿಭೂತಿ ಮೂರರಲ್ಲೂ ಬಿಳಿಯೇ, ಅದಕ್ಕೆ ಪಕ್ಕದ ಮೈಯಿಂದ ಕಲೆ ಮುಚ್ಚುವ ಹೀಲ್ ಟೂಲ್ ಒಂದೇ ದಾರಿ. ಮೂರು ಚಾನೆಲ್‌ಗಳಲ್ಲಿ ಯಾವುದು ಎಷ್ಟು ಎಂದು ನಿಮಗೆ ಸರಿಕಂಡ ಅನುಪಾತವನ್ನು ಮೋನೊ ಮಿಕ್ಸರ್‌ನಲ್ಲಿ ಕೊಟ್ಟು ಕಪ್ಪು-ಬಿಳುಪು ಮಾಡಿ.

ಹಂತ 3: ಕಲ್ಲಿನ ಕಣ ಕೊಲ್ಲುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳುವುದು, ತೆಗೆದುಕೊಳ್ಳಬೇಕಾದ್ದು ಇದೇ ಹಂತ. ಕೊಪ್ಪಳದ ಪಕ್ಕದ ಕಿನ್ನಾಳದಲ್ಲಿ ಮರದ ಮೂರ್ತಿ ಮಾಡುವ ಚಿತ್ರಗಾರರು ಕೆತ್ತನೆ ಮುಗಿದ ಕೂಡಲೇ ಬಣ್ಣ ಹಚ್ಚುವುದಿಲ್ಲ. ಸೆಣಬಿನ ಚೂರು, ಮರದ ಹೊಟ್ಟು, ಹುಣಸೆಬೀಜದ ಅಂಟು ಸೇರಿಸಿದ ಕಿಟ್ಟ ಸವರಿ, ಬಟ್ಟೆ ಅಂಟಿಸಿ, ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಮರದ ಎಳೆಯ ಗುರುತೇ ಇಲ್ಲದಂತೆ ಮಾಡಿದ ಮೇಲೆಯೇ ಕುಂಚ ಹಿಡಿಯುತ್ತಾರೆ. ನಾವು ಈಗ ಮಾಡುವುದೂ ಅದನ್ನೇ.

ಇಡೀ ಚಿತ್ರಕ್ಕೆ ಬ್ಲರ್ ಕೊಟ್ಟರೆ ಕಣದ ಜೊತೆ ಕೆತ್ತನೆಯೂ ಹೋಗುತ್ತದೆ. ಹಾಗಾಗಿ ಫಿಲ್ಟರ್ಸ್ ಮೆನುವಿನ ಎನ್‌ಹಾನ್ಸ್ ಅಡಿಯಲ್ಲಿರುವ ವೇವ್‌ಲೆಟ್ ಡೀಕಂಪೋಸ್ ತೆಗೆದುಕೊಂಡು, 5 ಸ್ಕೇಲ್ ಕೊಡಿ. ಅದು ಚಿತ್ರವನ್ನು ಆರು ಪದರಗಳಾಗಿ ಬಿಡಿಸುತ್ತದೆ: ಅತಿ ಸೂಕ್ಷ್ಮ ವಿವರ ಸ್ಕೇಲ್ 1ರಲ್ಲಿ, ಬರಬರುತ್ತ ದಪ್ಪ ವಿವರ 5ರಲ್ಲಿ, ಉಳಿದ ಮೆತ್ತಗಿನ ಆಕಾರ ರೆಸಿಡ್ಯುಯಲ್‌ನಲ್ಲಿ. ಎಲ್ಲವನ್ನೂ ಕೂಡಿಸಿದರೆ ಮೊದಲಿನ ಚಿತ್ರವೇ. ಒಂದೊಂದರ ಕಣ್ಣು ಮುಚ್ಚಿ ತೆರೆದು ನೋಡಿ, ಕಲ್ಲು ಯಾವ ಪದರದಲ್ಲಿ ಅಡಗಿದೆ ಎಂದು ತಿಳಿಯುತ್ತದೆ. ಬಳಪದ ಕಲ್ಲಿನಲ್ಲಿ ಸಾಮಾನ್ಯವಾಗಿ 1 ಮತ್ತು 2ರಲ್ಲಿ, ಹತ್ತಿರದಿಂದ ತೆಗೆದ ಗ್ರಾನೈಟ್‌ನಲ್ಲಿ 3, 4ರಲ್ಲಿ.

ಕಲ್ಲಿರುವ ಪದರಕ್ಕೆ ಬಿಳಿ ಮಾಸ್ಕ್ ಸೇರಿಸಿ, ಮೆತ್ತಗಿನ ಕಪ್ಪು ಕುಂಚದಿಂದ ಬಯಲು ಜಾಗಗಳ ಮೇಲೆ ಬಳಿಯಿರಿ: ಕೆನ್ನೆ, ಎದೆ, ತೋಳು, ತೊಡೆ. ಕಣ್ಣಿನ ಗೆರೆ, ತುಟಿಯ ಅಂಚು, ಹಾರದ ಮಣಿ, ಕಿರೀಟದ ಹೂವು, ಬೆರಳ ಸಂದು ಇವುಗಳ ಹತ್ತಿರ ಹೋಗಬೇಡಿ. ಪೂರ್ತಿ ಕಪ್ಪು ಬಳಿಯುವುದೂ ಬೇಡ. ಶೇ 80ರಷ್ಟು ಅಳಿಸಿ ಶೇ 20ರಷ್ಟು ಬಿಡಿ. ಪೂರ್ತಿ ಅಳಿಸಿದರೆ ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಗೊಂಬೆ ಎದ್ದು ನಿಲ್ಲುತ್ತದೆ. ಎರಕದ ಲೋಹಕ್ಕೂ ತನ್ನದೇ ಸಣ್ಣ ಉಬ್ಬುತಗ್ಗು ಇರುತ್ತದೆ.

ಬಿರುಕು, ಚಕ್ಕೆ ಎದ್ದ ಜಾಗ, ಮುಕ್ಕಾದ ಮೂಗು ಏನು ಮಾಡುವುದು? ಇದು ಕೈಚಳಕಕ್ಕಿಂತ ತೀರ್ಮಾನದ ಪ್ರಶ್ನೆ. ಕಂಚು ಕಲ್ಲಿನಂತೆ ಚಕ್ಕೆ ಏಳುವುದಿಲ್ಲ. ಆದ್ದರಿಂದ ಸಣ್ಣ ಬಿರುಕುಗಳನ್ನು ಹೀಲ್ ಟೂಲ್‌ನಿಂದ ಮುಚ್ಚಿಬಿಡಿ. ದೊಡ್ಡ ಮುಕ್ಕುಗಳನ್ನು ನಾನು ಹಾಗೇ ಬಿಡುತ್ತೇನೆ, ಮುರಿದ ಮೈಯ ಒರಟುತನವನ್ನು ಮಾತ್ರ ನುಣುಪು ಮಾಡುತ್ತೇನೆ. ಹನ್ನೆರಡನೇ ಶತಮಾನದ ಶಿಲ್ಪಿ ಕೊಟ್ಟ ಮೂಗನ್ನು ಊಹಿಸಿ ಹೊಸದಾಗಿ ಅಂಟಿಸುವುದು ನನಗೆ ಒಗ್ಗದ ಮಾತು, ಒಗ್ಗುವವರು ಮಾಡಿಕೊಳ್ಳಲಿ.

ಹಂತ 4: ಉಬ್ಬುತಗ್ಗನ್ನು ಗಟ್ಟಿ ಮಾಡುವುದು

ಪದರಗಳನ್ನು ಕೂಡಿಸಿದ ಒಂದು ನಕಲು ಮಾಡಿ. ಮೇಲೆ ಶೇ 50ರ ಬೂದು ಬಣ್ಣದ ಹೊಸ ಪದರ ಇಟ್ಟು ಮೋಡ್ (ಪದರ ಕೆಳಗಿನದರೊಂದಿಗೆ ಬೆರೆಯುವ ಬಗೆ) ಸಾಫ್ಟ್ ಲೈಟ್ ಮಾಡಿ. ದೊಡ್ಡ ಮೆತ್ತಗಿನ ಕುಂಚ, ಶೇ 8ರಿಂದ 10ರ ಒಪ್ಯಾಸಿಟಿ (ಬಣ್ಣದ ದಟ್ಟಣೆ). ಉಬ್ಬಿದ ಕಡೆ ಬಿಳಿ, ಒಳಸರಿದ ಕಡೆ ಕಪ್ಪು. ಬೆಳಕು ಯಾವ ದಿಕ್ಕಿನಿಂದ ಬಂದಿದೆಯೋ ಅದಕ್ಕೆ ಎದುರು ಹೋಗಬಾರದು. ಮೋಡದ ದಿನ ತೆಗೆದ ಚಿತ್ರಕ್ಕೆ ಇದು ತುಸು ಹೆಚ್ಚೇ ಬೇಕಾಗುತ್ತದೆ.

ಹಂತ 5: ಕರ್ವ್

ಇಲ್ಲಿಂದ ಕಲ್ಲು ಲೋಹವಾಗತೊಡಗುತ್ತದೆ. ಎರಡು ಪದರ ಬೇಕು.

ಕೆಳಗಿನದು ಮೈಯ ಪದರ. ಕರ್ವ್ ತೆರೆದು, 0ಯಿಂದ 255ರ ಅಳತೆಯಲ್ಲಿ, 128ರ ಬಿಂದುವನ್ನು ಸುಮಾರು 75ಕ್ಕೆ ಇಳಿಸಿ, 210ರ ಬಿಂದುವನ್ನು 200ರ ಹತ್ತಿರ ನಿಲ್ಲಿಸಿ. ಮೈಯೆಲ್ಲ ಕತ್ತಲಾಗಿ ತುದಿಗಳು ಮಾತ್ರ ಉಳಿಯುತ್ತವೆ. ಹಿಸ್ಟೊಗ್ರಾಮ್ (ಕತ್ತಲಿಂದ ಬೆಳಕಿನವರೆಗೆ ಯಾವ ಮಟ್ಟದ ಪಿಕ್ಸೆಲ್ ಎಷ್ಟಿವೆ ಎಂಬ ನಕ್ಷೆ) ನೋಡಿ: ಗುಡ್ಡೆ 60ರಿಂದ 90ರ ನಡುವೆ, ಬಲಕ್ಕೆ ತೆಳ್ಳನೆಯ ಬಾಲ. 'ಅಯ್ಯೋ, ಕಪ್ಪಾಯಿತು' ಎಂದು ಹಿಂದೆ ಸರಿಯಬೇಡಿ. ಮನೆಯ ಕಂಚಿನ ಗಂಟೆಯನ್ನು ಕಿಟಕಿಯ ಬಳಿ ಇಟ್ಟು ನೋಡಿದರೆ ಅದರ ಹೆಚ್ಚಿನ ಭಾಗ ಕತ್ತಲೇ ಎಂದು ಕಾಣುತ್ತದೆ.

ಮೇಲಿನದು ಪ್ರತಿಬಿಂಬದ ಪದರ. ಕರ್ವ್‌ಗೆ ಮುಂಚಿನ ಕಪ್ಪು-ಬಿಳುಪಿನ ಇನ್ನೊಂದು ನಕಲಿಗೆ 6ರಿಂದ 10 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಡಿ. ಈ ಬ್ಲರ್ ಬಿಟ್ಟರೆ ಉಳಿದಿರುವ ಕಣವೆಲ್ಲ ಮುಂದಿನ ಕರ್ವ್‌ನಲ್ಲಿ ಸಿಡಿದೇಳುತ್ತದೆ. ಈಗ ಕರ್ವ್ ತೆರೆದು ಏರಿಳಿಯುವ ಗೆರೆ ಎಳೆಯಿರಿ: 0ಗೆ 0, 60ಕ್ಕೆ 150, 100ಕ್ಕೆ 50, 150ಕ್ಕೆ 215, 190ಕ್ಕೆ 95, 255ಕ್ಕೆ 255. ಒಂದೇ ಇಳಿಜಾರಾಗಿದ್ದ ಬೆಳಕು ಪಟ್ಟೆಗಳಾಗಿ ಒಡೆಯುತ್ತದೆ. ದುಂಡು ತೋಳಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಕಣ್ಣು ಹಾಯಿಸಿದರೆ ಆಕಾಶ, ಮರದ ಸಾಲು, ನೆಲ ಸರದಿಯಾಗಿ ಬಂದಂತೆ ಅನ್ನಿಸಬೇಕು. ಸೌಟಿನ ಚಿತ್ರವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು, ಅಲ್ಲಿ ಕರಿಪಟ್ಟಿ ಎಷ್ಟು ಅಗಲವೋ ಇಲ್ಲಿಯೂ ಅಷ್ಟೇ ಬರುವಂತೆ ಬಿಂದುಗಳನ್ನು ಜರುಗಿಸಿ.

ಎಷ್ಟು ಏರಿಳಿತ ಬೇಕೆನ್ನುವುದು ಲೋಹದ ಮೇಲೆ. ಉಜ್ಜಿ ಬೆಳಗಿದ ಹಿತ್ತಾಳೆ, ಕ್ರೋಮ್‌ಗೆ ಮೇಲಿನಷ್ಟೂ ಬೇಕು. ಹಳೆಯ ಕಂಚಿಗೆ ಒಂದೇ ಮೆತ್ತಗಿನ ತಗ್ಗು ಸಾಕು. ಕಬ್ಬಿಣಕ್ಕೆ ಬಹುತೇಕ ಬೇಡವೇ ಬೇಡ, ಮೈಯ ಪದರವೇ ಸಾಕು. ಈ ಮೇಲಿನ ಪದರದ ಮೋಡ್ ಸಾಫ್ಟ್ ಲೈಟ್, ಒಪ್ಯಾಸಿಟಿ ಕಂಚಿಗೆ ಶೇ 30ರಿಂದ 45. ಹಾರ, ಕಿರೀಟದಂಥ ಇಕ್ಕಟ್ಟಾದ ಕೆತ್ತನೆಯ ಮೇಲೆ ಮಾಸ್ಕ್ ಹಾಕಿ ಅರ್ಧಕ್ಕೆ ಇಳಿಸಿ, ಇಲ್ಲದಿದ್ದರೆ ಅಲ್ಲಿ ಗೋಜಲು.

ಹಂತ 6: ಸುತ್ತಲಿನ ಜಾಗದ ಪ್ರತಿಬಿಂಬ

ಇದು ಬೇಕೇಬೇಕೆಂದಿಲ್ಲ, ಆದರೆ ಮಾಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಅದೇ ಜಾಗದಲ್ಲಿ ಶಿಲ್ಪಕ್ಕೆ ಬೆನ್ನು ಹಾಕಿ ತೆಗೆದ ಒಂದು ಅಗಲ ಚಿತ್ರ ತೆಗೆದುಕೊಳ್ಳಿ. ಲೋಹ ಪ್ರತಿಬಿಂಬಿಸುವುದು ನಮ್ಮ ಹಿಂದಿರುವುದನ್ನೇ ಅಲ್ಲವೇ. ಅದಕ್ಕೆ 30ರಿಂದ 40 ಪಿಕ್ಸೆಲ್ ಬ್ಲರ್ ಕೊಟ್ಟು ಶಿಲ್ಪದ ಮೇಲೆ ಪದರವಾಗಿ ಇಡಿ. ಫಿಲ್ಟರ್ಸ್, ಮ್ಯಾಪ್, ಡಿಸ್‌ಪ್ಲೇಸ್ ಆರಿಸಿ, ಬ್ಲರ್ ಕೊಟ್ಟ ಕಪ್ಪು-ಬಿಳುಪು ಶಿಲ್ಪವನ್ನು ನಕ್ಷೆಯಾಗಿ ಕೊಟ್ಟು ಅಡ್ಡಕ್ಕೂ ಉದ್ದಕ್ಕೂ 40 ಪಿಕ್ಸೆಲ್ ಇಡಿ. ನಕ್ಷೆಯಲ್ಲಿ ನಟ್ಟನಡು ಬೂದು ಇದ್ದಲ್ಲಿ ಚಿತ್ರ ಜರುಗುವುದಿಲ್ಲ, ಬೆಳಕಿದ್ದಲ್ಲಿ ಒಂದು ಕಡೆ, ಕತ್ತಲಿದ್ದಲ್ಲಿ ಎದುರು ಕಡೆ ಜರುಗುತ್ತದೆ. ಹೀಗೆ ಪ್ರತಿಬಿಂಬ ಶಿಲ್ಪದ ತಿರುವಿಗೆ ಸುತ್ತಿಕೊಳ್ಳುತ್ತದೆ. ಮೋಡ್ ಓವರ್‌ಲೇ, ಒಪ್ಯಾಸಿಟಿ ಶೇ 20ರಿಂದ 30.

ಪ್ರತಿಬಿಂಬದ ಬಣ್ಣದ ಕಡೆಗೂ ಗಮನವಿರಲಿ. ಮೇಲ್ಮುಖದ ಭಾಗಗಳು, ಅಂದರೆ ಭುಜ, ಕೆನ್ನೆಯ ಮೇಲ್ಭಾಗ, ತೊಡೆ ಆಕಾಶವನ್ನು ಹಿಡಿಯುತ್ತವೆ. ಗದ್ದದ ಅಡಿ, ಹುಬ್ಬಿನ ಅಡಿ ನೆಲವನ್ನು ಹಿಡಿಯುತ್ತವೆ. ನೆಲ ಕೆಂಪು ಮಣ್ಣಿನ ಮಸಾರಿಯಾದರೆ ಆ ಅಡಿಭಾಗಗಳಲ್ಲಿ ಬೆಚ್ಚನೆಯ ಕೆಂಪು ಇಣುಕಬೇಕು. ರಾಯಚೂರಿನ ಕಡೆಯ ಕಪ್ಪು ಎರೆ ಹೊಲದ ಅಂಚಿನ ಗುಡಿಯಾದರೆ ಅಲ್ಲಿ ಕತ್ತಲೇ ಸರಿ. ಕಲ್ಲುಹಾಸಿನ ಅಂಗಳವಾದರೆ ಬೂದು. ಬಣ್ಣದ ಹಂತ ಮುಗಿದ ಮೇಲೆ ಈ ಛಾಯೆಯನ್ನು ಶೇ 10ರಷ್ಟು ಮೆತ್ತಗೆ ಬಳಿಯಿರಿ.

ಇಲ್ಲಿ ಒಮ್ಮೆ ನಿಂತು, ಚಿತ್ರವನ್ನು ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡಿ. ಬಣ್ಣವಿಲ್ಲದೆಯೇ ಇದು ಉಕ್ಕೋ ಬೆಳ್ಳಿಯೋ ಅನ್ನಿಸಿದರೆ ಮುಂದಕ್ಕೆ ಹೋಗಿ. ಒದ್ದೆ ಕಲ್ಲು ಅನ್ನಿಸಿದರೆ ಮೈ ಇನ್ನೂ ಬೆಳಕಾಗಿದೆ, ಐದನೇ ಹಂತಕ್ಕೆ ವಾಪಸ್. ಪ್ಲಾಸ್ಟಿಕ್ ಅನ್ನಿಸಿದರೆ ಮೂರನೆಯದಕ್ಕೆ.

ಹಂತ 7: ಬಣ್ಣ

ಕಾಣುವುದನ್ನೆಲ್ಲ ಕೂಡಿಸಿ ಒಂದು ಹೊಸ ಪದರ ಮಾಡಿ, ಬಣ್ಣ ಶಿಲ್ಪಕ್ಕಷ್ಟೇ ಹತ್ತುವಂತೆ ಹಂತ 1ರ ಮಾಸ್ಕ್ ಇಟ್ಟು, ಗ್ರೇಡಿಯಂಟ್ ಎಡಿಟರ್‌ನಲ್ಲಿ ಐದು ಬಿಂದುಗಳ ಗ್ರೇಡಿಯಂಟ್ ಕಟ್ಟಿ, ಕಲರ್ಸ್ ಮೆನುವಿನ ಮ್ಯಾಪ್ ಅಡಿಯ ಗ್ರೇಡಿಯಂಟ್ ಮ್ಯಾಪ್ ಒತ್ತಿ. ಕಂಚಿಗೆ ನಾನು ಬಳಸುವ ಕೆಂಪು, ಹಸಿರು, ನೀಲಿ ಅಂಕಿಗಳು ಇವು: ಅತಿ ಕತ್ತಲಿಗೆ 22, 13, 8, ಕಾಲು ಭಾಗದಲ್ಲಿ 70, 40, 20, ನಡುವೆ 140, 90, 45, ಮುಕ್ಕಾಲರಲ್ಲಿ 214, 165, 95, ತುದಿಯ ಬೆಳಕಿಗೆ 255, 240, 208. ತುದಿ ಅಚ್ಚ ಬಿಳಿಯಲ್ಲ, ಕೆನೆಹಳದಿ ಎನ್ನುವುದನ್ನು ಗಮನಿಸಿ. ಲೋಹದ ಹೊಳಪಿಗೆ ಲೋಹದ್ದೇ ಬಣ್ಣ ಎಂದು ಮೊದಲು ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ತಾಮ್ರ ಬೇಕಿದ್ದರೆ ನಡುವಿಗೆ 150, 74, 48, ಮುಕ್ಕಾಲಿಗೆ 226, 140, 104, ತುದಿಗೆ 255, 226, 210. ಹಿತ್ತಾಳೆಗೆ ಕ್ರಮವಾಗಿ 150, 116, 44. 222, 192, 104. 255, 246, 205. ಕಬ್ಬಿಣಕ್ಕೆ 92, 94, 98. 160, 163, 166. 232, 236, 240. ಇವು ಹೊರಡುವ ಜಾಗ ಮಾತ್ರ. ತಂಬಿಗೆಯ ಚಿತ್ರ ಇದ್ದರೆ ಐಡ್ರಾಪರ್‌ನಿಂದ ಅದರ ಕತ್ತಲು, ನಡು, ಹೊಳಪುಗಳನ್ನೇ ಹೀರಿಕೊಳ್ಳಿ, ಅದೇ ಬೆಳಕಿನಲ್ಲಿ ತೆಗೆದದ್ದಾದ್ದರಿಂದ ಹಿನ್ನೆಲೆಗೆ ತಾನಾಗಿ ಹೊಂದುತ್ತದೆ.

ಒಂದು ಅಪವಾದ. ಮೈ ನಮ್ಮಿಂದ ತಿರುಗಿ ಮರೆಯಾಗುವ ತುತ್ತತುದಿಯ ಅಂಚಿನಲ್ಲಿ ಲೋಹವೂ ತನ್ನ ಬಣ್ಣ ಕಳೆದುಕೊಂಡು ಬಿಳಿಯತ್ತ ವಾಲುತ್ತದೆ. ಆಕಾಶದ ಬದಿಯ ಅಂಚಿಗೆ 2-3 ಪಿಕ್ಸೆಲ್ ಅಗಲದ ಮಸುಕು ಬಿಳಿ ಗೆರೆ ಕೊಟ್ಟರೆ ಸಾಕು.

ಹಂತ 8: ಕಿಲುಬು, ಸವೆತ, ತುಕ್ಕು

ಹೊಚ್ಚಹೊಸ ಕಂಚು ಹಳೆಯ ಗುಡಿಯ ಗೂಡಿನಲ್ಲಿ ಕೂತರೆ ಅನುಮಾನ ಹುಟ್ಟುತ್ತದೆ. ಕಪ್ಪು-ಬಿಳುಪು ಚಿತ್ರವನ್ನು ತಿರುವಿ, ಕರ್ವ್‌ನಿಂದ ಬಿಗಿಮಾಡಿ ಮಾಸ್ಕ್ ಮಾಡಿಕೊಂಡರೆ ಸಂದುಗೊಂದುಗಳು ಮಾತ್ರ ಬಿಳಿಯಾಗಿ ಸಿಗುತ್ತವೆ. ಅಲ್ಲಿ 86, 128, 112ರ ಹಸಿರನ್ನು ಶೇ 25ರಷ್ಟು ತುಂಬಿ. ಆಮೇಲೆ ಮಳೆನೀರು ಹೇಗೆ ಇಳಿಯುತ್ತದೆ ಎಂದು ಯೋಚಿಸಿ, ಕಿರೀಟದಿಂದ ಕಿವಿಯ ಹಿಂದೆ, ಮೊಣಕೈಯಿಂದ ಕೆಳಕ್ಕೆ ಕೆಲವು ಸಣ್ಣ ಇಳಿಜಾಡು ಎಳೆಯಿರಿ. ಭಕ್ತರ ಕೈ ತಾಗುವ ಪಾದ, ಮೊಣಕಾಲು, ಬಸವನ ಕೊಂಬುಗಳಲ್ಲಿ ಕಿಲುಬು ನಿಲ್ಲುವುದಿಲ್ಲ. ಅಲ್ಲಿ ಅಳಿಸಿ, ತುಸು ಹೊಳಪು ಕೊಡಿ. ಎಲ್ಲ ಕಡೆ ಒಂದೇ ಸಮ ಹಸಿರು ಸುರಿಯುವುದೇ ಬಹುಪಾಲು ಚಿತ್ರಗಳನ್ನು ಕೆಡಿಸುವುದು.

ಕಬ್ಬಿಣಕ್ಕೆ ಹಸಿರು ಸಲ್ಲದು. ಸಂಡೂರಿನ ರಸ್ತೆಯ ಎಲೆಗಳ ಮೇಲೆ ಕೂತಿರುವ ಅದಿರು ದೂಳಿನ ಕೆಂಗಂದು, ಸುಮಾರು 120, 58, 36, ಸಂದುಗಳಲ್ಲಿ ಮಲ್ಟಿಪ್ಲೈ ಮೋಡ್‌ನಲ್ಲಿ ಹಚ್ಚಿ.

ಹಂತ 9: ಹೊಳಪಿನ ಬಿಂದುಗಳು

ಹೊಸ ಪದರ, ಮೋಡ್ ಸ್ಕ್ರೀನ್, ಬಣ್ಣ ಗ್ರೇಡಿಯಂಟ್‌ನ ತುದಿಯದೇ. ಮೂಗಿನ ತುದಿ, ಕೆಳತುಟಿ, ಮಣಿಗಳ ನೆತ್ತಿ, ಬೆರಳ ಗೆಣ್ಣು, ಇಷ್ಟೇ. ಸಣ್ಣ ಕುಂಚದಿಂದ ಇಟ್ಟು 2 ಪಿಕ್ಸೆಲ್ ಬ್ಲರ್ ಕೊಡಿ. ಅದರ ನಕಲಿಗೆ 25 ಪಿಕ್ಸೆಲ್ ಬ್ಲರ್ ಕೊಟ್ಟು ಶೇ 15ರಲ್ಲಿ ಕೆಳಗಿಡಿ, ತೆಳು ಪ್ರಭೆ ಬರುತ್ತದೆ. ಕೈ ಬಿಗಿ ಹಿಡಿಯಿರಿ. ಹೊಳಪು ಹೆಚ್ಚಾದಷ್ಟೂ ಮಿಂಚಿನ ಕಾಗದ ಸುತ್ತಿದಂತಾಗುತ್ತದೆ. ಎಣ್ಣೆ ಮೂರ್ತಿಯ ಫೋಟೊ ಆಗಿದ್ದರೆ ಹೊಸ ಬಿಂದು ಇಡಬೇಕಿಲ್ಲ, ಈಗಿರುವ ಬಿಳಿ ಹೊಳಪುಗಳ ಮೇಲೆ ಅದೇ ಕೆನೆಹಳದಿಯನ್ನು ಮಲ್ಟಿಪ್ಲೈಯಲ್ಲಿ ಬಳಿದರೆ ಆಯಿತು.

ಹಂತ 10: ಜಾಗದಲ್ಲಿ ಕೂರಿಸುವುದು, ಹೊರಗೆ ಕಳಿಸುವುದು

ಲೋಹ ಕಲ್ಲಿಗೆ ತಾಗುವ ಗೆರೆಯಲ್ಲಿ ತೆಳ್ಳನೆಯ ಕಪ್ಪು ನೆರಳು ಇರಬೇಕು, ಇಲ್ಲದಿದ್ದರೆ ಮೂರ್ತಿ ಅಂಟಿಸಿದಂತೆ ತೇಲುತ್ತದೆ. ಪಕ್ಕದ ಕಲ್ಲಿನ ಮೇಲೆ ಕಂಚಿನ ಬೆಚ್ಚನೆಯ ಛಾಯೆಯನ್ನು ಶೇ 5ರಿಂದ 8ರಷ್ಟು ಚೆಲ್ಲಿ. ನಾವು ನುಣುಪು ಮಾಡಿದ ಭಾಗದಲ್ಲಿ ಕ್ಯಾಮೆರಾದ ಸಹಜ ನಾಯ್ಸ್ ಕೂಡ ಹೋಗಿರುತ್ತದೆ, ಹಿನ್ನೆಲೆಯಲ್ಲಿ ಉಳಿದಿರುತ್ತದೆ. ಶೇ 100ಕ್ಕೆ ಹಿಗ್ಗಿಸಿ ಎರಡನ್ನೂ ಹೋಲಿಸುತ್ತ, ಶಿಲ್ಪಕ್ಕೆ ಅಷ್ಟೇ ನಾಯ್ಸ್ ಸೇರಿಸಿ. ಕೊನೆಗೆ ಅಂಚುಗಳನ್ನು ಮಾತ್ರ ಹಿಡಿಯುವ ಹೈ ಪಾಸ್ ಫಿಲ್ಟರ್‌ನಿಂದ ಕೆತ್ತನೆಯ ಅಂಚುಗಳನ್ನು ಮಾತ್ರ ಹರಿತಗೊಳಿಸಿ.

ಚಿತ್ರವನ್ನು ಹಂಚುವಾಗ 'ಕಲ್ಲಿನ ಶಿಲ್ಪ, ಎಡಿಟ್ ಮಾಡಿದ್ದು' ಎಂದು ಚಿತ್ರದ ಮೇಲೆಯೇ ಸಣ್ಣದಾಗಿ ಬರೆಯಿರಿ. ಫಾರ್ವರ್ಡ್ ಆಗುತ್ತ ಹೋದಂತೆ ಶೀರ್ಷಿಕೆ ಉದುರಿಹೋಗುತ್ತದೆ, ಇಟಗಿಯಲ್ಲಿ ಕಂಚಿನ ವಿಗ್ರಹ ಸಿಕ್ಕಿತಂತೆ ಎಂಬ ಸುದ್ದಿ ಹುಟ್ಟಲು ಅಷ್ಟು ಸಾಕು.

ಫ್ಲೆಕ್ಸ್ ಅಥವಾ ಪೋಸ್ಟರ್‌ಗೆ ಕೊಡುವುದಾದರೆ ಪರದೆಯ ಮೇಲೆ ಕಂಡ ಕಂಚು ಅಚ್ಚಿನಲ್ಲಿ ಬರುವುದಿಲ್ಲ. ಶಾಯಿಯಲ್ಲಿ ಕಡುಗಂದು ಒಂದಕ್ಕೊಂದು ಕೂಡಿ ಮಸಿಯಾಗುತ್ತದೆ, ಹಳದಿ ಮಂಕಾಗುತ್ತದೆ. ಮೂಲ ಫೈಲನ್ನು ಎಲ್ಲ ಪದರಗಳ ಸಮೇತ ಗಿಂಪ್‌ನದೇ ಎಕ್ಸ್‌ಸಿಎಫ್ ಫೈಲ್ ಆಗಿ ಇಟ್ಟುಕೊಂಡು, ಅಚ್ಚಿನ ಪ್ರತಿಯಲ್ಲಿ ಮಾತ್ರ ಕತ್ತಲ ತುದಿಯನ್ನು 10ರಿಂದ 12ರಷ್ಟು ಮೇಲೆತ್ತಿ, ನಡುಬಣ್ಣದ ಸ್ಯಾಚುರೇಶನ್ ತುಸು ಏರಿಸಿ. ಪೂರ್ತಿ ಗಾತ್ರಕ್ಕೆ ಆರ್ಡರ್ ಕೊಡುವ ಮುಂಚೆ ಮುಖ ಮತ್ತು ಹಾರ ಇರುವ ಒಂದು ಅಡಿ ಚೌಕದ ತುಂಡನ್ನು ಅದೇ ಮಷಿನ್‌ನಲ್ಲಿ, ಅದೇ ಮೆಟೀರಿಯಲ್ ಮೇಲೆ ತೆಗೆಸಿ, ಅಂಗಡಿಯ ಟ್ಯೂಬ್‌ಲೈಟ್ ಕೆಳಗಲ್ಲ, ಹೊರಗೆ ಬಿಸಿಲಿಗೆ ತಂದು ನೋಡಿ.